ಎದ್ದು ಓಡುವವರ ಕಟಿಂಗ್ ಶಾಪ್

ನಮ್ಮ ಭಾವ ಕೂದಲು ಕತ್ತರಿಸುವುದನ್ನು ಮೊದಲ ಸಲ ನೋಡಿದವರು ಈ ಮನುಷ್ಯನಿಗೆ ಕೆಲಸವೇ ಬರುವುದಿಲ್ಲ ಅಂದುಕೊಳ್ಳುತ್ತಾರೆ. ಎಡಗಿವಿಯ ಮೇಲೆ ಒಂದಿಷ್ಟು ಕತ್ತರಿ ಆಡಿಸುತ್ತಾರೆ, ಅದನ್ನು ಅಲ್ಲಿಗೇ ಬಿಟ್ಟು ಕುರ್ಚಿ ಸುತ್ತಿ ಬಂದು ಬಲಗಿವಿಯ ಮೇಲೂ ಅಷ್ಟೇ ಆಡಿಸುತ್ತಾರೆ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ, ಗಾಣದೆತ್ತಿನ ಹಾಗೆ. ನಡುವೆ ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, "ಸಮಸಮ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಬೀದಿಯವರೆಲ್ಲ ಅವರನ್ನು ಸಮಸಮ ಎಂದೇ ಕರೆಯುವುದು. ಬೆನ್ನ ಹಿಂದೆ ಅಲ್ಲ, ಎದುರಿಗೇ.

ಕೆಲಸ ಬರುತ್ತದೆ ಅವರಿಗೆ, ಚೆನ್ನಾಗಿಯೇ ಬರುತ್ತದೆ. ಆದರೆ ಅವರ ಅಂಗಡಿ ಇರುವುದು ಬಸ್ ಸ್ಟಾಪಿಗೆ ಅಂಟಿಕೊಂಡಂತೆ. ಅಲ್ಲಿಗೆ ಕಟಿಂಗಿಗೆಂದೇ ಹೊರಟು ಬಂದವರು ಯಾರೂ ಇರಲಿಲ್ಲ. ಜನ ಬರುತ್ತಿದ್ದದ್ದು ಬಸ್ಸಿಗೆ. ಬಸ್ಸು ಬರುತ್ತಿರಲಿಲ್ಲ. ನಿಂತು ನಿಂತು ಕಾಲು ಸೋತು, ಅತ್ತಿತ್ತ ನೋಡಿ, ಗಲ್ಲ ಸವರಿಕೊಂಡು, "ಬಸ್ ಬರೋದ್ರೊಳಗೆ ಒಂದು ಶೇವಿಂಗ್ ಆಗತ್ತಾ?" ಎಂದು ಒಳಗೆ ತಲೆ ಹಾಕುತ್ತಿದ್ದರು. ಭಾವನ ವ್ಯಾಪಾರದ ಗುಟ್ಟು ಇಷ್ಟೇ. ಪಕ್ಕದ ಹೊಲಿಗೆ ಅಂಗಡಿ ನನ್ನದು. ಗುಂಡಿ ಹಾಕುವುದು, ಜಿಪ್ ಬದಲಿಸುವುದು, ಪ್ಯಾಂಟಿನ ಕಾಲು ಗಿಡ್ಡ ಮಾಡುವುದು. ಇಬ್ಬರಿಗೂ ನಡುವೆ ಒಂದು ಹಲಗೆಯ ಗೋಡೆ, ಅದರಲ್ಲೊಂದು ಕಿಟಕಿ. ಹಾಗಾಗಿ ಆಚೆ ನಡೆದದ್ದೆಲ್ಲ ನನಗೆ ಗೊತ್ತು. ಗೊತ್ತಿಲ್ಲದ್ದನ್ನು ನನ್ನ ಅಕ್ಕ, ಅಂದರೆ ಭಾವನ ಹೆಂಡತಿ, ಕೇಳದಿದ್ದರೂ ಹೇಳುತ್ತಾಳೆ.

ಅಂಗಡಿ ಹಾಕಿದ ಹೊಸತರಲ್ಲಿ ಭಾವನೂ ಎಲ್ಲರ ಹಾಗೆ ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆಗೆ ಹೋಗುತ್ತಿದ್ದರು. ಒಂದು ಬೆಳಿಗ್ಗೆ ನೀರಿನ ಕಚೇರಿಯ ಗುಮಾಸ್ತರೊಬ್ಬರು ಗಡ್ಡಕ್ಕೆ ಕೂತರು. ಎಡಗೆನ್ನೆ ನುಣ್ಣಗಾಗಿತ್ತು, ಬಲಗೆನ್ನೆಗೆ ಇನ್ನೂ ನೊರೆ ಹಚ್ಚಿದ್ದಷ್ಟೇ, ಬಸ್ಸು ಬಂದುಬಿಟ್ಟಿತು. ಅದು ಹೋದರೆ ಮುಂದಿನದು ಯಾವಾಗ ಎಂಬುದು ಡ್ರೈವರಿಗೂ ಗೊತ್ತಿರುತ್ತಿರಲಿಲ್ಲ. ಗುಮಾಸ್ತರು ನೊರೆ ಸಮೇತ ಎದ್ದು ಓಡಿ ಹತ್ತಿಕೊಂಡರು. ಅವತ್ತೇ ಅವರ ಕಚೇರಿಗೆ ಮೇಲಿನವರು ತಪಾಸಣೆಗೆ ಬರಬೇಕೇ! ಅರ್ಧ ಬಯಲು, ಅರ್ಧ ಕಾಡು ಹೊತ್ತುಕೊಂಡು ಸಾಹೇಬರ ಮುಂದೆ ನಿಂತ ಆ ಬಡಪಾಯಿ ಸಂಜೆ ಬಂದು ಭಾವನ ಜನ್ಮ ಜಾಲಾಡಿದರು. ಅರ್ಧಗಡ್ಡ ಎಂಬ ಹೆಸರು ಅವರಿಗೆ ಅವತ್ತು ಅಂಟಿದ್ದು ಇವತ್ತಿಗೂ ಬಿಟ್ಟಿಲ್ಲ.

ಆಮೇಲೆ ಭಾವ ತಮ್ಮ ದಾರಿಯನ್ನೇ ಬದಲಾಯಿಸಿದರು. ಗಿರಾಕಿ ಯಾವ ಗಳಿಗೆಯಲ್ಲಿ ಎದ್ದು ಓಡಿದರೂ ಮನುಷ್ಯರ ಹಾಗೆ ಕಾಣಬೇಕು. ಅದಕ್ಕೆ ಈ ಸಮಸಮ. ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ. ಕತ್ತರಿ ಎಲ್ಲಿ ನಿಂತರೂ ಅದೇ ಒಂದು ಕಟಿಂಗು. ಉಳಿದದ್ದನ್ನು ನಾಳೆ, ನಾಡಿದ್ದು, ಮುಂದಿನ ಸಲ ಬಸ್ಸು ಕೈಕೊಟ್ಟಾಗ. ಒಂದು ತಲೆಯನ್ನು ವಾರವಿಡೀ ಕಂತಿನಲ್ಲಿ ಮುಗಿಸಿದ್ದೂ ಉಂಟು. ಅದು ಸಾಲದೆಂದು ಕನ್ನಡಿಯನ್ನೂ ಗೋಡೆಯಿಂದ ಓರೆಯಾಗಿ ಎಬ್ಬಿಸಿ ತೂಗುಹಾಕಿದರು, ಕೂತವರಿಗೆ ರಸ್ತೆಯ ತಿರುವು ಕಾಣಲಿ ಎಂದು. ಅವರವರ ಮುಖ ಮಾತ್ರ ಮೂಲೆಯಲ್ಲಿ ಒಂದು ಕಿವಿಯಷ್ಟು ಕಾಣುತ್ತಿತ್ತು. ಯಾರೂ ದೂರಲಿಲ್ಲ. ಮುಖ ಎಲ್ಲಿಗೆ ಹೋಗುತ್ತದೆ? ಓಡಿಹೋಗುವುದು ಬಸ್ಸು ತಾನೇ.

ಕನ್ನಡಿಯಲ್ಲಿ ಬಸ್ಸೇನೋ ಕಾಣುತ್ತಿತ್ತು, ನಂಬರು ಮಾತ್ರ ತಿರುಗುಮುರುಗು. ಆ ಕೊರತೆಯನ್ನು ತುಂಬಿದವಳು ಭಾವನ ಮಗಳು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ, ಸಂಜೆ ಶಾಲೆ ಬಿಟ್ಟ ಕೂಡಲೇ ಚೀಲ ನನ್ನ ಮೆಷಿನ್ನಿನ ಕೆಳಗೆ ಎಸೆದು, ಅಪ್ಪನ ಅಂಗಡಿಯ ಹೊಸ್ತಿಲ ಮೇಲೆ ನಿಲ್ಲುತ್ತಿದ್ದಳು. ತಿರುವಿನಲ್ಲಿ ಬಸ್ಸಿನ ಮೂತಿ ಕಂಡರೆ ಸಾಕು, "ಬಂತು!" ಎಂದು ಕಿರುಚಿ ನಂಬರು ಹೇಳುವಳು. ಆ ಕೂಗಿಗೆ ಅಂಗಡಿಗೆ ಅಂಗಡಿಯೇ ಎದ್ದು ನಿಲ್ಲುತ್ತಿತ್ತು. ಭಾವ ಒಂದೇ ಎಳೆತಕ್ಕೆ ಗಿರಾಕಿಯ ಕೊರಳಿನ ಬಟ್ಟೆ ಕಿತ್ತು, ಟವೆಲಿನಿಂದ ಕುತ್ತಿಗೆಗೊಂದು ಏಟು ಕೊಟ್ಟು, "ಓಡಿ!" ಅನ್ನುವರು. ಸರ್ಕಸ್ಸಿನಲ್ಲಿ ಇದ್ದ ಹಾಗೆ ಇರುತ್ತಿತ್ತು. ನಾನು ಹೊಲಿಗೆ ನಿಲ್ಲಿಸಿ ಕಿಟಕಿಯಲ್ಲಿ ನೋಡುತ್ತಿದ್ದೆ.

ನಗುವುದಕ್ಕೆ ಚೆನ್ನಾಗಿತ್ತು, ಆದರೆ ಒಂದು ದಿನ ನಗು ನಿಂತಿತು. ಅರ್ಧಗಡ್ಡದ ಗುಮಾಸ್ತರು ಓಡುವ ಗಡಿಬಿಡಿಯಲ್ಲಿ ಬುತ್ತಿಯ ಡಬ್ಬಿ ಮರೆತರು. ಭಾವ ಡಬ್ಬಿ ಹಿಡಿದು ಬಸ್ಸಿನ ಹಿಂದೆ ಓಡಿದರು. ರಸ್ತೆ ಒದ್ದೆಯಾಗಿತ್ತು, ಕಾರುಗಳ ನಡುವೆ ಸಿಕ್ಕಿಕೊಂಡು ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಕತ್ತರಿ ಹಿಡಿಯುವ ಕೈ. ಅದು ಕೂಡಿಕೊಳ್ಳುವವರೆಗೆ ಅಂಗಡಿ ಬಾಗಿಲು ಹಾಕಿತ್ತು, ಮನೆಯಲ್ಲಿ ಎಲ್ಲವೂ ಬಿಗಿ. ಹೊಸ್ತಿಲ ಮೇಲೆ ನಿಂತು ಅಪ್ಪ ಬಿದ್ದದ್ದನ್ನು ಪೂರಾ ನೋಡಿದ ಹುಡುಗಿ ಅತ್ತಿರಲಿಲ್ಲ. ಆದರೆ ಅಲ್ಲಿಂದ ಮುಂದೆ ಸಿಕ್ಕಸಿಕ್ಕವರನ್ನೆಲ್ಲ ಹಿಡಿದು ಕೇಳತೊಡಗಿದಳು.

"ಚಿಕ್ಕಮ್ಮ, ಬಸ್ ಯಾಕೆ ಲೇಟಾಗಿ ಬರತ್ತೆ?"

"ಕಾರುಗಳು ಅಡ್ಡ ಇರ್ತಾವಲ್ಲೇ."

"ಕಾರಲ್ಲಿ ಒಬ್ರೇ ಇರ್ತಾರೆ, ಬಸ್ಸಲ್ಲಿ ಅಷ್ಟೊಂದು ಜನ ಇರ್ತಾರೆ. ಅಷ್ಟು ಜನಕ್ಕೆ ಒಬ್ರು ಯಾಕೆ ದಾರಿ ಬಿಡಲ್ಲ?"

ನನಗೇನು ಗೊತ್ತು? "ದೊಡ್ಡವಳಾದ್ಮೇಲೆ ನೀನೇ ಬಿಡ್ಸು, ಹೋಗು" ಎಂದು ಅಟ್ಟಿದೆ. ಹಾಗೆ ಅಟ್ಟಿಸಿಕೊಂಡವಳು ಓದಿ, ಪರೀಕ್ಷೆ ಕಟ್ಟಿ, ನಗರದ ಸಾರಿಗೆ ಕಚೇರಿಯಲ್ಲಿ ಕೆಲಸ ಹಿಡಿದು, ನಿಜವಾಗಿಯೂ ಬಿಡಿಸುವುದಕ್ಕೇ ಹೊರಟಳು. ನಮ್ಮ ರಸ್ತೆಯಲ್ಲೇ ಮೊದಲು. ರಸ್ತೆಯ ಒಂದು ಪಟ್ಟಿ ಬಸ್ಸಿಗೆ ಮಾತ್ರ, ಅದರಲ್ಲಿ ಬೇರೆ ಯಾರೂ ಕಾಲಿಡಕೂಡದು. ಹೊಗೆ ಉಗುಳುವ ಹಳೆಯ ಬಸ್ಸುಗಳಿಗೆ ರಜೆ, ಅವುಗಳ ಜಾಗಕ್ಕೆ ಬ್ಯಾಟರಿಯ ಹೊಸ ಬಸ್ಸುಗಳು. ನಡೆಯುವವರಿಗೆ ಅಗಲವಾದ ದಾರಿ, ಅದರುದ್ದಕ್ಕೂ ಗಿಡ. ಮನೆಯಲ್ಲಿ ಊಟದ ಮೇಜಿನ ಮೇಲೆ ನಕ್ಷೆ ಹಾಸಿ ಅವಳು ತೋರಿಸಿದಾಗ ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ಭಾವ ನಕ್ಷೆಯ ಮೇಲೆ ತಮ್ಮ ಅಂಗಡಿ ಹುಡುಕಿ, ಅದರ ಮೇಲೆ ಬೆರಳಿಟ್ಟು, ಅಲ್ಲೇ ಕೂತರು.

"ಬಸ್ಸು ಹೊತ್ತಿಗೆ ಸರಿಯಾಗಿ ಬರತ್ತಾ?" ಎಂದರು.

"ಒಂದರ ಹಿಂದೆ ಒಂದು ಬರತ್ತಪ್ಪ. ಯಾರೂ ಕಾಯೋದೇ ಬೇಡ."

ಕಾಯುವುದೇ ಬೇಡ! ಕಾಯದಿದ್ದರೆ ಬಂದು ಕೂರುವವರು ಯಾರು? ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮಗಳ ಖುಷಿ ಕೆಡಿಸಲಾರದೆ ತಟ್ಟೆಯಲ್ಲಿದ್ದದ್ದನ್ನು ಅಲ್ಲಿಗೇ ಬಿಟ್ಟು ಎದ್ದು ಹೋದರು.

ಯೋಜನೆಯ ಬಗ್ಗೆ ಜನರ ಅಭಿಪ್ರಾಯ ಕೇಳಲು ಶಾಲೆಯ ಸಭಾಂಗಣದಲ್ಲಿ ಸಭೆ ಕರೆದರು. ವೇದಿಕೆಯ ಮೇಲೆ ಸಾಲಾಗಿ ಅಧಿಕಾರಿಗಳು, ತುದಿಯಲ್ಲಿ ನಮ್ಮ ಹುಡುಗಿ. ಜನ ಒಬ್ಬರ ಮೇಲೊಬ್ಬರು ಎದ್ದರು. ಕಾರು ಮಾರುವ ಅಂಗಡಿಯ ಯಜಮಾನರಂತೂ ಮೈಕು ಕಂಡರೆ ಬಿಡುವವರಲ್ಲ.

"ಇಷ್ಟು ಹಣ ಬಸ್ಸಿಗೆ ಯಾಕ್ರೀ ಸುರೀತೀರಾ? ಒಂದು ಮೇಲ್ಸೇತುವೆ ಕಟ್ಟಿ, ಎಲ್ಲಾ ಸರಿಹೋಗತ್ತೆ."

ಹುಡುಗಿ ಎದ್ದು ಹೇಳಿದಳು. "ಮೇಲ್ಸೇತುವೆ ಕಟ್ಟಿದ್ರೆ ಕಾರುಗಳು ಈ ಸಿಗ್ನಲ್ ದಾಟಿ ಮುಂದಿನ ಸಿಗ್ನಲ್ಲಲ್ಲಿ ನಿಲ್ತವೆ ಸರ್, ಅಷ್ಟೇ ವ್ಯತ್ಯಾಸ. ಸ್ವಲ್ಪ ವರ್ಷ ಕಳೆದ್ಮೇಲೆ ಅದರ ಮೇಲೂ ಇನ್ನೊಂದು ಕಟ್ಟಬೇಕಾಗತ್ತೆ. ಬಸ್ಸಿಗೆ ಹಾಕಿದ್ದು ದಿನಾ ಬೆಳಿಗ್ಗೆ ವಾಪಸ್ ಬರತ್ತೆ. ಜನ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗ್ತಾರೆ, ಮಕ್ಕಳು ಹೊಗೆ ಕುಡಿಯೋದು ತಪ್ಪತ್ತೆ."

ಚಪ್ಪಾಳೆ ಬಿತ್ತು. ಅಕ್ಕ ನನ್ನ ತೊಡೆ ಚಿವುಟಿದಳು. ಆಗ ಹಿಂದಿನ ಸಾಲಿನಲ್ಲಿ ಯಾರೋ ಎದ್ದರು. ನೋಡಿದರೆ ಭಾವ! ಕೈಯಲ್ಲಿ ಮೈಕು, ಮೈಯಲ್ಲಿ ಮದುವೆಗಳಿಗೆ ಮಾತ್ರ ಹೊರಬರುವ ಅಂಗಿ.

"ನನಗೆ ಕಾರಿಲ್ಲ, ಸೇತುವೆನೂ ಬೇಡ. ನಂದು ಸ್ಟಾಪ್ ಪಕ್ಕ ಕಟಿಂಗ್ ಶಾಪು. ಬಸ್ ತಡವಾಗೋದ್ರಿಂದಲೇ ನನ್ನ ಮನೇಲಿ ಒಲೆ ಉರಿಯೋದು. ನೀವು ಬಸ್ಸು ಬೇಗ ಬೇಗ ಕಳಿಸಿದ್ರೆ ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ. ದಯವಿಟ್ಟು ಈಗ ಹೇಗೆ ಬರ್ತಾ ಇದೆಯೋ ಹಾಗೇ ಬರ್ಲಿ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಬಸ್ಸು ತಡವಾಗಿ ಬರಲಿ ಎಂದು ಬೇಡಿಕೊಂಡ ಮನುಷ್ಯನನ್ನು ಲೋಕದಲ್ಲಿ ಬೇರೆ ಯಾರು ನೋಡಿದ್ದಾರೆ? ಕಾರು ಮಾರುವವರು ಓಡಿಬಂದು ಭಾವನ ಕೈ ಕುಲುಕಿದರು. ಭಾವನ ಮೋರೆ ಕೆಂಪಾಯಿತು. ನನಗೆ ಆ ನಗುವವರನ್ನೆಲ್ಲ ಒಬ್ಬೊಬ್ಬರಾಗಿ ಸೂಜಿಯಲ್ಲಿ ಚುಚ್ಚಬೇಕು ಅನ್ನಿಸಿತು.

ವೇದಿಕೆಯ ಮೇಲೆ ನಗದೇ ಇದ್ದವಳು ನಮ್ಮ ಹುಡುಗಿ ಒಬ್ಬಳೇ. ಎದ್ದು ನಿಂತಳು. "ಇವರು ನನ್ನ ತಂದೆ" ಎಂದಳು. ನಗು ಗಪ್ಪೆಂದು ನಿಂತಿತು.

"ಅವರು ಹೇಳಿದ್ದು ನಿಜ. ಬಸ್ಸು ಬೇಗ ಬಂದ್ರೆ ಅವರಿಗೆ ನಷ್ಟ ಆಗಬಹುದು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಆ ರಸ್ತೇಲಿ ಬಸ್ಸಿನ ಹಿಂದೆ ಓಡಿ ಬಿದ್ದವರನ್ನ ನಾನು ಚಿಕ್ಕವಳಿದ್ದಾಗಿಂದ ನೋಡಿದೀನಿ. ಅವರಲ್ಲಿ ಒಬ್ಬರು ಈಗ ಮೈಕ್ ಹಿಡ್ಕೊಂಡು ನಿಂತಿದಾರೆ. ಅದಕ್ಕೇ ಈ ಬಸ್ಸು ಬರ್ಲೇಬೇಕು ಅಂತೀನಿ."

ಭಾವ ಎಡಗೈಯಿಂದ ಬಲಗೈಯ ಮಣಿಕಟ್ಟು ಮುಟ್ಟಿಕೊಂಡು ಕೂತುಬಿಟ್ಟರು. ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅಪ್ಪ ಮಗಳ ನಡುವೆ ಜಗಳವೇನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ಇಬ್ಬರೂ ಒಬ್ಬರಿಗೊಬ್ಬರು ನೀರು ಕೊಡುವುದೇನು, ಪತ್ರಿಕೆ ಕೊಡುವುದೇನು, ಬೀಗರ ಮನೆಗೆ ಬಂದವರ ಹಾಗೆ. ಆದರೆ ಅವಳು ಅಂಗಡಿಯ ಕಡೆ ತಲೆಹಾಕುವುದನ್ನೇ ಬಿಟ್ಟಳು, ಕೊನೆಗೆ ಕಚೇರಿಗೆ ಹತ್ತಿರವೆಂದು ಬೇರೆ ಕೋಣೆ ಮಾಡಿಕೊಂಡಳು. ಅಕ್ಕ ನಡುವೆ ಸಿಕ್ಕಿಕೊಂಡು, "ಒಬ್ರು ಬಸ್ ಬೇಡ ಅಂತಾರೆ, ಒಬ್ಳು ಬೇಕು ಅಂತಾಳೆ, ನಾನು ಮಾತ್ರ ನಡ್ಕೊಂಡೇ ಮಾರ್ಕೆಟ್ಟಿಗೆ ಹೋಗ್ತೀನಿ" ಎಂದು ಗೊಣಗುತ್ತಿದ್ದಳು.

ರಸ್ತೆ ಅಗೆದರು, ಮುಚ್ಚಿದರು, ಏನೋ ಮರೆತುಹೋಯಿತೆಂದು ಮತ್ತೆ ಅಗೆದರು. ಆ ಧೂಳಿನಲ್ಲಿ ಗಡ್ಡ ಮಾಡಿಸಿದರೆ ಸಿಮೆಂಟು ಬಳಿದ ಹಾಗೆ ಆಗುತ್ತಿತ್ತು. ಕೊನೆಗೊಂದು ದಿನ ಬಸ್ಸಿನ ಪಟ್ಟಿಗೆ ಬಣ್ಣ ಬಳಿದು, ಹೊಸ ಬಸ್ಸುಗಳು ಬಂದವು. ಸದ್ದಿಲ್ಲ, ಹೊಗೆಯಿಲ್ಲ. ಬೆಕ್ಕು ಬಂದ ಹಾಗೆ ಬಂದು, ನಿಂತು, ಜನರನ್ನು ತುಂಬಿಕೊಂಡು ಹೋದವು. ಅದರ ಹಿಂದೆ ಇನ್ನೊಂದು. ಪಕ್ಕದಲ್ಲಿ ಕಾರುಗಳು ಸಾಲುಗಟ್ಟಿ ನಿಂತು ನೋಡುತ್ತಿದ್ದವು. ಅಂಗಡಿಯ ಬಿಳಿ ಟವೆಲುಗಳು ಮಧ್ಯಾಹ್ನವಾದರೂ ಬಿಳಿಯಾಗಿಯೇ ಇದ್ದವು. ಇರದೆ ಏನು, ಅವುಗಳನ್ನು ಮುಟ್ಟುವವರೇ ಇರಲಿಲ್ಲ. ಸ್ಟಾಪಿನಲ್ಲಿ ನಿಂತವರು ಗಲ್ಲ ಸವರಿಕೊಳ್ಳುವ ಹೊತ್ತಿಗೆ ಬಸ್ಸು ಹತ್ತಿರುತ್ತಿದ್ದರು. ಭಾವ ತಮ್ಮ ಕುರ್ಚಿಯಲ್ಲಿ ತಾವೇ ಕೂತು, ಓರೆ ಕನ್ನಡಿಯಲ್ಲಿ ಬರುವ ಬಸ್ಸುಗಳನ್ನು ನೋಡುತ್ತಿದ್ದರು.

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಭಾವನಿಗೂ ಒಂದು ಉಪಾಯ ಹೊಳೆಯಿತು. ಬಸ್ಸು ಜೋರಾದರೆ ತಾವೂ ಜೋರಾಗಬೇಕು! "ಮುಂದಿನ ಬಸ್ಸಿನೊಳಗೆ ಕಟಿಂಗ್" ಎಂದು ಬೋರ್ಡು ಬರೆಸಿ ಹೊರಗೆ ಇಟ್ಟರು.

"ಭಾವ, ಆತುರಗಾರನಿಗೆ ಬುದ್ಧಿ ಮಟ್ಟ" ಎಂದೆ ಕಿಟಕಿಯಿಂದ.

"ನೀನು ನಿನ್ನ ಗುಂಡಿ ನೋಡ್ಕೊಳಮ್ಮ" ಎಂದರು.

ಬಲೆಗೆ ಬಿದ್ದವನು ಬ್ಯಾಂಕಿನ ಕಾವಲುಗಾರ. ಅವನದು ಗಿರಿಜಾ ಮೀಸೆ. ಬ್ಯಾಂಕನ್ನು ಕಾಯುತ್ತಿದ್ದದ್ದು ಅವನಲ್ಲ, ಆ ಮೀಸೆಯೇ ಎಂದು ಬೀದಿಯಲ್ಲಿ ಮಾತಿತ್ತು. ತುದಿಯನ್ನು ಸ್ವಲ್ಪ ತಿದ್ದಿ ಎಂದು ಕೂತ. ಭಾವ ಒಂದು ಕಣ್ಣು ಕನ್ನಡಿಯಲ್ಲಿ, ಒಂದು ಕಣ್ಣು ಮೀಸೆಯಲ್ಲಿ ಇಟ್ಟು ಕತ್ತರಿ ಓಡಿಸಿದರು. ಎಡ ತುದಿ ಕೊಂಚ ಹೆಚ್ಚು ಹೋಯಿತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಸಮಸಮ ಮಾಡಲು ಬಲಕ್ಕೆ ಬಂದರು. ಅವಸರದಲ್ಲಿ ಬಲ ಹೆಚ್ಚು ಹೋಯಿತು. ಮತ್ತೆ ಎಡ. ಮತ್ತೆ ಬಲ. ಬಸ್ಸು ಬರುವ ಹೊತ್ತಿಗೆ ಮೀಸೆ ಹೌದು, ಸಮಸಮವಾಗಿತ್ತು, ಮೂಗಿನ ಹೊಳ್ಳೆಗಳ ಕೆಳಗೆ ಎರಡು ಇರುವೆ ಕೂತಷ್ಟು. ಕಾವಲುಗಾರ ಮುಟ್ಟಿ ನೋಡಿಕೊಂಡು ಹಾಕಿದ ಕೂಗಿಗೆ ನನ್ನ ಸೂಜಿ ಮುರಿಯಿತು. ಅವನು ಮೀಸೆ ಬೆಳೆಯುವವರೆಗೆ ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಬ್ಯಾಂಕಿನ ಬಾಗಿಲಲ್ಲಿ ನಿಂತ. ಒಳಗೆ ಹೋಗುವವರು ಇವನನ್ನೇ ಕಳ್ಳನೆಂದು ಹೆದರಿದರಂತೆ. ಬೋರ್ಡನ್ನು ಭಾವ ಸಂಜೆಯೇ ಒಳಗೆ ತಂದಿಟ್ಟರು.

ಆಮೇಲೆ ಅವರು ಸೋತರು. ಮೊಬೈಲ್ ಮಾರುವವನೊಬ್ಬ ಅಂಗಡಿಯ ಮೇಲೆ ಕಣ್ಣಿಟ್ಟಿದ್ದ, ತಿಂಗಳ ಕೊನೆಗೆ ಬಿಟ್ಟುಕೊಡುತ್ತೇನೆ ಎಂದು ಅವನಿಗೆ ಮಾತು ಕೊಟ್ಟರು. ದೂರದ ದೊಡ್ಡ ಮಳಿಗೆಯೊಂದರಲ್ಲಿ, ಗಾಜಿನ ಬಾಗಿಲಿನ ಸಲೂನಿನಲ್ಲಿ, ಸಾಲುಕುರ್ಚಿಗಳ ಪೈಕಿ ಒಂದರ ಹಿಂದೆ ನಿಲ್ಲುವ ಕೆಲಸ ಒಪ್ಪಿಕೊಂಡರು. ಅಲ್ಲಿ ಎಲ್ಲರಿಗೂ ಕಪ್ಪು ಅಂಗಿ. ಭಾವನಿಗೆ ಕೊಟ್ಟ ಅಂಗಿಯ ತೋಳು ಉದ್ದ. ಮಡಚಿಕೊಡು ಎಂದು ನನ್ನ ಮೇಜಿನ ಮೇಲಿಟ್ಟು ಹೋದರು. ನಾನು ಅದನ್ನು ಬೇಕೆಂದೇ ಎಲ್ಲ ಬಟ್ಟೆಗಳ ಕೆಳಗೆ ತಳ್ಳಿದೆ. ದಿನಾ ಕೇಳುತ್ತಿದ್ದರು, ದಿನಾ ದಾರದ ಬಣ್ಣ ಸಿಗಲಿಲ್ಲ ಎನ್ನುತ್ತಿದ್ದೆ. ಕಪ್ಪು ದಾರ ಸಿಗಲಿಲ್ಲವೆನ್ನುವ ದರ್ಜಿಯನ್ನು ನಂಬುವವರು ಭಾವ ಒಬ್ಬರೇ. ಇಲ್ಲ, ಅವರೂ ನಂಬಿರಲಿಲ್ಲ. ಸುಮ್ಮನೆ "ಆಯ್ತು, ನಾಳೆ ನೋಡು" ಎನ್ನುತ್ತಿದ್ದರು.

ಮಗಳಿಗೆ ಈ ಸುದ್ದಿ ಅಕ್ಕನಿಂದ ಮುಟ್ಟಿತು. ನನಗೆ ಫೋನು ಮಾಡಿ ಅತ್ತಳು. "ಚಿಕ್ಕಮ್ಮ, ನನ್ನ ಕೈಯಾರೆ ಅಪ್ಪನ ಅಂಗಡಿ ಮುಚ್ಚಿಸಿಬಿಟ್ಟೆ. ಇಡೀ ಊರು ಬಸ್ಸು ಚೆನ್ನಾಗಿದೆ ಅಂತಾರೆ, ನನಗೆ ಆ ಸ್ಟಾಪಲ್ಲಿ ಇಳಿಯೋಕೆ ಕಾಲೇ ಬರಲ್ಲ." ನನಗೂ ಕಣ್ಣು ತುಂಬಿತು.

ತಿಂಗಳು ಇನ್ನೂ ಅರ್ಧ ಉಳಿದಿತ್ತು. ಒಂದು ಬೆಳಿಗ್ಗೆ ಅರ್ಧಗಡ್ಡದ ಗುಮಾಸ್ತರು ಬಂದರು. ಈಗ ಅವರಿಗೆ ನಿವೃತ್ತಿ ಹತ್ತಿರ, ತಲೆಯಲ್ಲಿ ಕತ್ತರಿಸಲು ಹೆಚ್ಚೇನೂ ಇಲ್ಲ. ಅಭ್ಯಾಸಬಲ, ಬಂದು ಕೂತರು. ಭಾವ ಬಟ್ಟೆ ಹೊದಿಸಿ, ನೊರೆ ಹಚ್ಚಿ, ಎಡಗೆನ್ನೆಯ ಮೇಲೆ ಎರಡು ಎಳೆತ, ಬಲಗೆನ್ನೆಯ ಮೇಲೆ ಎರಡು ಎಳೆತ ಎಂದು ಶುರುಮಾಡಿದರು. ಅಷ್ಟರಲ್ಲಿ ಕನ್ನಡಿಯ ತಿರುವಿನಲ್ಲಿ ಬಸ್ಸು ಕಾಣಿಸಿತು. ಗುಮಾಸ್ತರು ಅರ್ಧ ಎದ್ದರು. ಭಾವ ಹಳೆಯ ವರಸೆಯಲ್ಲೇ ಬಟ್ಟೆ ಕಿತ್ತರು, ಟವೆಲು ಬೀಸಿದರು, ಬದಿಗೆ ಸರಿದು ದಾರಿ ಬಿಟ್ಟರು. ಬಸ್ಸು ಬಂದು ನಿಂತಿತು. ಗುಮಾಸ್ತರು ಅರ್ಧ ಎದ್ದ ಭಂಗಿಯಲ್ಲೇ ಕನ್ನಡಿ ನೋಡುತ್ತಿದ್ದರು. ತಿರುವಿನಲ್ಲಿ ಆಗಲೇ ಇನ್ನೊಂದು ಬಸ್ಸಿನ ಮೂತಿ.

ಅವರು ಮೆಲ್ಲಗೆ ಕೂತರು.

"ಯಾಕೆ ಸಾರ್?" ಎಂದರು ಭಾವ.

"ಹೋಗ್ಲಿ ಬಿಡಿ. ಹಿಂದೇನೇ ಇನ್ನೊಂದು ಬರ್ತಾ ಇದೆಯಲ್ಲ."

ಭಾವ ಬಟ್ಟೆ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಆ ಅಂಗಡಿಯಲ್ಲಿ ಬಸ್ಸು ಬಂದ ಮೇಲೂ ಒಬ್ಬ ಮನುಷ್ಯ ಕೂತಿರುವುದನ್ನು ಅವರು ಕಂಡಿರಲಿಲ್ಲ. ಮುಂದೇನು ಮಾಡಬೇಕೆಂದೇ ತಿಳಿಯದು.

"ಹಾಗಾದ್ರೆ... ಪೂರ್ತಿ ಮಾಡ್ಲಾ?"

"ಮಾಡ್ರೀ ಮಾರಾಯ್ರೇ. ಇಷ್ಟು ವರ್ಷದಲ್ಲಿ ಒಂದ್ಸಲ ನಿಮ್ಮ ಪೂರ್ತಿ ಕಟಿಂಗ್ ಹೇಗಿರತ್ತೆ ನೋಡೋಣ."

ಭಾವ ಮಾಡಿದರು. ಗಡ್ಡ ಆಯಿತು, ಕೂದಲು ಆಯಿತು, ಕುತ್ತಿಗೆಯ ಹಿಂದೆ ಯಾರೂ ಎಂದೂ ಮುಟ್ಟದ ಜಾಗ ಆಯಿತು, ಕಿವಿಯೊಳಗಿನ ಕೂದಲೂ ಆಯಿತು. ಎಂದೋ ಗುರುಗಳ ಹತ್ತಿರ ಕಲಿತು ಒಮ್ಮೆಯೂ ಮಾಡಲು ಬಿಡುವಾಗದ ತಲೆ ಮಾಲೀಸು ನೆನಪಾಯಿತು, ಅದನ್ನೂ ಮಾಡಿದರು. ಗುಮಾಸ್ತರು ಗೊರಕೆ ಹೊಡೆದರು. ಹೊರಗೆ ಬಸ್ಸುಗಳು ಬಂದು ಹೋಗುತ್ತಲೇ ಇದ್ದವು. ಎಚ್ಚರವಾದಾಗ ಅವರು ಕನ್ನಡಿ ನೋಡಿ ಕಣ್ಣುಜ್ಜಿಕೊಂಡರು.

"ರಸ್ತೆ ಚೆನ್ನಾಗಿದೆ. ನನ್ನ ಮುಖ ಎಲ್ರೀ?"

ನಾನು ಕಿಟಕಿಯಲ್ಲಿ ನಗು ತಡೆಯಲಾರದೆ ಬಾಯಿಗೆ ಬಟ್ಟೆ ತುರುಕಿಕೊಂಡೆ. ಭಾವ ಸ್ಟೂಲು ಹತ್ತಿ, ಕನ್ನಡಿಯ ಹಿಂದೆ ಕೊಟ್ಟಿದ್ದ ಮರದ ತುಂಡನ್ನು ಕಿತ್ತು ತೆಗೆದು, ಕನ್ನಡಿಯನ್ನು ಗೋಡೆಗೆ ನೇರ ಮಾಡಿದರು. ಗುಮಾಸ್ತರು ತಮ್ಮನ್ನು ತಾವು ಎಡಕ್ಕೆ ನೋಡಿಕೊಂಡರು, ಬಲಕ್ಕೆ ನೋಡಿಕೊಂಡರು. "ಪರವಾಗಿಲ್ಲ, ಇನ್ನೊಂದು ಮದುವೆ ಆಗಬಹುದು" ಎಂದು ಎದ್ದು, ಬಂದ ಬಸ್ಸಿಗೆ ನಡೆದುಕೊಂಡು ಹೋಗಿ ಹತ್ತಿದರು. ಅವರು ಆ ರಸ್ತೆಯಲ್ಲಿ ನಡೆದು ಬಸ್ಸು ಹತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೆಯ ದಿನ ಅವರ ಕಚೇರಿಯ ಇಬ್ಬರು ಬಂದರು. ಆಮೇಲೆ ಅವರ ಮನೆಯ ಪಕ್ಕದವರು. ಬಸ್ಸು ಸಲೀಸಾದ ಮೇಲೆ ಜನರಿಗೆ ಕಾಯುವ ಕೆಲಸ ತಪ್ಪಿತ್ತು ನಿಜ. ಆದರೆ ಕಾಯದೆ ಉಳಿದ ಹೊತ್ತು ಅವರ ಕೈಯಲ್ಲೇ ಇತ್ತಲ್ಲ! ಬಸ್ಸು ತಪ್ಪಿಹೋಗುತ್ತದೆ ಎಂಬ ಹೆದರಿಕೆ ಹೋಗಿತ್ತು. ಕೂತವರು ಆರಾಮಾಗಿ ಕೂರುತ್ತಿದ್ದರು. ಅಷ್ಟೇ ಅಲ್ಲ, ಎಲ್ಲೋ ಹಿಂದಿನ ಸ್ಟಾಪಿನವರು, ಅದರ ಹಿಂದಿನವರು ಕೂಡ ಬಸ್ಸು ಹತ್ತಿ ಇಲ್ಲಿಗೆ ಕಟಿಂಗಿಗೆಂದೇ ಬರತೊಡಗಿದರು. ಮೊದಲಾದರೆ ಹಾಗೆ ಬಂದು ಹೋಗಲು ಅರ್ಧ ದಿನ ಹಾಳು. ಮೀಸೆ ಕಳೆದುಕೊಂಡ ಕಾವಲುಗಾರ ಕೂಡ ಮಫ್ಲರ್ ಬಿಚ್ಚಿ ಬಂದ. "ಈಗ ಅವಸರ ಇಲ್ಲ ತಾನೇ?" ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೇ ಕೂತ. ಭಾವನ ಕೈ ಮಾತ್ರ ಹಳೆಯ ಚಾಳಿ ಬಿಡಲಿಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ, ಸಮಸಮ. ಒಂದು ಕಡೆ ಪೂರ್ತಿ ಮುಗಿಸಲು ನೋಡಿದರೆ ಕೈ ಒಪ್ಪುವುದಿಲ್ಲ ಎನ್ನುತ್ತಾರೆ.

ಇಷ್ಟಾದರೂ ಮೊಬೈಲಿನವನಿಗೆ ಮಾತು ಕೊಟ್ಟದ್ದು ಕೊಟ್ಟದ್ದೇ. ಅಂಗಡಿ ಮತ್ತೆ ನಡೆಯುತ್ತಿದೆ ಎಂದು ಮಗಳಿಗೆ ಒಂದು ಫೋನು ಮಾಡಿ ಹೇಳಿ ಎಂದರೆ, "ಸಭೇಲಿ ಅಷ್ಟು ಜನರ ಮುಂದೆ ಬಸ್ ಬೇಡ ಅಂದೋನು ನಾನು. ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದು ಹಠ. ಅಕ್ಕನ ಬಾಯಿಗೂ ಬೀಗ ಹಾಕಿಸಿದ್ದರು. ನಾನು ಸುಮ್ಮನಿರುವ ಪೈಕಿಯಲ್ಲ. ತಿಂಗಳ ಕೊನೆಯ ದಿನ ಹುಡುಗಿಗೆ ಫೋನು ಮಾಡಿ, "ನಿನ್ನ ಕುರ್ತಾ ಹೊಲಿದು ಆಗಿದೆ, ಇವತ್ತೇ ಬಂದು ತಗೊಂಡು ಹೋಗು, ಇಲಿ ಕಾಟ" ಎಂದು ಒಂದು ಹಸಿ ಸುಳ್ಳು ಬಿಟ್ಟೆ.

ಅವಳು ಬಸ್ಸಿಳಿದಳು. ಅಂಗಡಿಗೆ ಬೀಗ ಬಿದ್ದದ್ದನ್ನು ನೋಡಲು ಸಿದ್ಧಳಾಗಿ ಬಂದವಳ ಮುಖ ಅದು, ಬಾಡಿಹೋಗಿತ್ತು. ಅದೇ ಬಸ್ಸಿನಿಂದ ಅಳತೆ ಟೇಪು ಹಿಡಿದು ಮೊಬೈಲಿನವನೂ ಇಳಿದ. ಇಬ್ಬರೂ ಬಾಗಿಲ ತನಕ ಬಂದು ನಿಂತರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಕುರ್ಚಿಯಲ್ಲಿ ಒಬ್ಬರು, ಬೆಂಚಿನ ಮೇಲೆ ಮೂವರು. ಬೆಂಚು ಹೊಸದು. ಕಾಯುವವರಿಗೆಂದು ಹಾಕಿದ್ದು.

"ಅಳತೆ ತಗೋಬೇಕಿತ್ತು ಯಜಮಾನ್ರೇ" ಎಂದ ಮೊಬೈಲಿನವನು.

ಭಾವ ತಿರುಗಲಿಲ್ಲ. "ತಲೆದಾ? ಕೂತ್ಕೊಳಿ, ನಿಮಗಿಂತ ಮುಂಚೆ ಮೂರು ಜನ ಇದಾರೆ" ಎಂದರು.

"ಅಲ್ಲ, ಅಂಗಡಿದು. ನೀವು ಮಾತು ಕೊಟ್ಟಿದ್ರಿ."

ಕತ್ತರಿ ನಿಂತಿತು. ಭಾವ ಈಗ ಅವನ ಕಡೆ ತಿರುಗಿದರು. "ಕೊಟ್ಟಿದ್ದೆ, ಹೌದು. ತಪ್ಪೇ. ಈ ಅಂಗಡಿ ಮುಚ್ಚಿಹೋಯ್ತು ಅಂದ್ಕೊಂಡು ಕೊಟ್ಟ ಮಾತು ಅದು. ಮುಚ್ಚಲಿಲ್ಲ, ನೀವೇ ನೋಡ್ತಿದೀರಲ್ಲ. ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಡಿ. ನಿಮಗೆ ಬದುಕಿರೋತನಕ ಕಟಿಂಗ್ ಶೇವಿಂಗ್ ಎರಡೂ ನನ್ನ ಕಡೆಯಿಂದ."

ಅವನು ಬೆಂಚು ನೋಡಿದ, ಬೆಂಚಿನ ಮೇಲಿದ್ದವರು ಅವನನ್ನು ನೋಡಿದರು. ಗುಮಾಸ್ತರಂತೂ ಕೋರ್ಟಿನಲ್ಲಿ ಕೂತವರ ಹಾಗೆ ನೋಡಿದರು. ಟೇಪು ಸುರುಳಿ ಸುತ್ತಿಕೊಂಡು ಜೇಬಿಗೆ ಹಾಕಿಕೊಂಡ. ಗಲ್ಲ ಸವರಿಕೊಂಡು, "ಸ್ವಲ್ಪ ಸರೀರಿ" ಎಂದು ಬೆಂಚಿನ ತುದಿಯಲ್ಲಿ ಕೂತ.

ಅವನು ಸರಿದ ಮೇಲೆ ಹೊಸ್ತಿಲ ಮೇಲೆ ಹುಡುಗಿ ಒಬ್ಬಳೇ ಉಳಿದಳು. ಭಾವ ಅವಳನ್ನು ಆಗಷ್ಟೇ ನೋಡಿದರು. ನಾನು ಕಿಟಕಿಗೆ ಮುಖ ಅಂಟಿಸಿದ್ದೆ. ಆಗ ತಿರುವಿನಲ್ಲಿ ಬಸ್ಸು ಕಂಡಿತು. ಅವಳು ನಿಂತಿದ್ದದ್ದು ಅದೇ ಜಾಗ, ಬಂದದ್ದು ಅದೇ ತಿರುವಿನಿಂದ. ಬಾಯಿಗೆ ತಾನೇ ತಾನಾಗಿ ಬಂದುಬಿಟ್ಟಿತು.

"ಬಂತು!"

ಯಾರೂ ಏಳಲಿಲ್ಲ. ಗುಮಾಸ್ತರು ಪತ್ರಿಕೆಯ ಪುಟ ತಿರುಗಿಸಿದರು. ಕಾವಲುಗಾರ ಚಿಗುರುತ್ತಿದ್ದ ಮೀಸೆ ತೀಡಿಕೊಂಡ. ಕುರ್ಚಿಯಲ್ಲಿದ್ದವರು ಕಣ್ಣು ಕೂಡ ತೆರೆಯಲಿಲ್ಲ. ಬಸ್ಸು ಬಂದು, ನಿಂತು, ಹೋಯಿತು. ಹುಡುಗಿ ಒಳಗೆ ಕೂತವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಅವಳ ಮುಖದಲ್ಲಿ ನಗು, ಕೆನ್ನೆಯ ಮೇಲೆ ನೀರು.

"ಬರ್ಲಿ ಬಿಡು, ಮಗಳೇ" ಎಂದರು ಭಾವ. "ಒಳಗೆ ಬಾ."

ನಾನು ಕಪ್ಪು ಅಂಗಿಯನ್ನು ರಾಶಿಯ ಕೆಳಗಿನಿಂದ ಎಳೆದು ತೆಗೆದು, ಜೇಬಿನ ಒಳಬಟ್ಟೆಗಾದೀತೆಂದು ಕತ್ತರಿಸಲು ಕೂತೆ.